ಸೆರಗಿನ ಹಿಂದೆ ಬಂದ ಮೊಪೆಡ್

ಮೊನ್ನೆ ಭಾನುವಾರ ಬೆಳಿಗ್ಗೆ ಅಪರಿಚಿತನೊಬ್ಬ ನಮ್ಮನ್ನು ಮೂರು ಕಿಲೋಮೀಟರ್ ಬೆನ್ನಟ್ಟಿದ. ನಾನು ಬೈಕಿನಲ್ಲಿ ತಪ್ಪಿಸಿಕೊಂಡು ಓಡಿದೆ. ಈ ವಯಸ್ಸಿನಲ್ಲಿ!

ಗುಂಡ್ಲುಪೇಟೆಯಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥವಿತ್ತು. ಚಾಮರಾಜನಗರದಿಂದ ನಾನೂ ಹೆಂಡತಿ ಮಂಗಳಳೂ ಹೊರಟಿದ್ದೆವು. ಅವಳು ರೇಷ್ಮೆ ಸೀರೆ ಉಟ್ಟಿದ್ದಳು, ಕೊರಳಲ್ಲಿ ಎರಡೆಳೆ ಸರ. (ಬಸ್ಸಿಗೆ ಹೋಗೋಣ ಅಂದಿದ್ದಳು. ನಾನು ಕೇಳಲಿಲ್ಲ. ಅವಳೂ ಈ ಅಂಕಣ ಓದುತ್ತಾಳೆ, ಒಪ್ಪಿಕೊಳ್ಳುವುದೇ ಕ್ಷೇಮ.)

ತೆರಕಣಾಂಬಿ ಇನ್ನೂ ಬಂದಿರಲಿಲ್ಲ. ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ ಬಂತು. ಅದರ ಮೇಲಿದ್ದಾತ ನಮ್ಮನ್ನು ನೋಡಿ ಏನೋ ಕೂಗಿದ. ಕನ್ನಡಿಯಲ್ಲಿ ನೋಡಿದರೆ, ಗಾಡಿ ತಿರುಗಿಸಿ ನಮ್ಮ ಹಿಂದೆಯೇ ಬರುತ್ತಿದ್ದಾನೆ!

"ರೀ, ಸರ!" ಅಂದಳು ಮಂಗಳ. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ನಾನು ಆಕ್ಸಿಲರೇಟರ್ ತಿರುವಿದೆ. ಆತ ಹಾರ್ನ್ ಹೊಡೆದಷ್ಟೂ ನನ್ನ ಸ್ಪೀಡ್ ಹೆಚ್ಚಿತು.

ಕೊನೆಗೆ ನಮ್ಮನ್ನು ನಿಲ್ಲಿಸಿದ್ದು ಕುರಿಗಳು. ರಸ್ತೆ ತುಂಬ ಕುರಿ ಮಂದೆ. ಮೊಪೆಡ್ ಬಂದು ಪಕ್ಕದಲ್ಲೇ ನಿಂತಿತು. ಐವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತಿದ್ದರು.

"ಅದೇನ್ ಓಡುಸ್ತೀರಿ ಸಾ! ಕೂಗಿ ಕೂಗಿ ಗಂಟ್ಲು ಕಟ್ಕತು. ಅವ್ವಾ, ಸೆರಗ ನೋಡ್ಕಳಿ, ಚಕ್ರುಕ್ಕ ಸುತ್ಕಬುಡ್ತದ!"

ನೋಡಿದೆವು. ಸೆರಗಿನ ತುದಿ ಹಿಂದಿನ ಚಕ್ರದ ಪಕ್ಕ ಜೋತಾಡುತ್ತಿತ್ತು. ಗೇಣುದ್ದ ಕಪ್ಪಾಗಿ, ಎಳೆ ಬಿಟ್ಟಿತ್ತು. ಅದರ ಮೇಲಿನ ಭಾಗ ಮಂಗಳಳ ಕೊರಳ ಸುತ್ತ. ನಾನು ಎಂಜಿನ್ ಆರಿಸಿ, ತುದಿಯನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಮಂಗಳಳೇ ಮೊದಲು ಮಾತಾಡಿದಳು. "ಅಣ್ಣ, ನೀವು ಆ ಕಡೆ ಹೊರಟಿದ್ರಲ್ಲ?"

"ಹಾಲು ಆಕಕ್ಕ ಡೇರಿಗ ಓಯ್ತಿದ್ದಿ ಕಣವ್ವ. ಈಗ ಮುಚ್ಬುಟ್ಟಿರ್ತಾರ."

"ಅಯ್ಯೋ, ಇಷ್ಟು ಹಾಲು?"

"ಮೊಸ್ರು ಮಾಡದು ಬುಡಿ. ಮೊಮ್ಮಕ್ಳು ಕುಣಿತವ."

ನಮಗಾಗಿ ಯಾಕೆ ಇಷ್ಟು ತೊಂದರೆ ತಗೊಂಡಿರಿ ಎಂದು ನಾನು ಕೇಳಿಯೇಬಿಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಯಾಕ ಅಂದ್ರ? ಕಣ್ಗ ಕಂಡ್ಬುಡ್ತಲ್ಲ ಸಾ!"

ಅಷ್ಟೇ. ಕುರಿಗಳು ಸರಿದವು. ಅವರೂ ಗಾಡಿ ತಿರುಗಿಸಿಕೊಂಡು ಹೋದರು. ಹೆಸರು ಕೇಳುವುದನ್ನೂ ಮರೆತಿದ್ದೆವು.

ನಿಶ್ಚಿತಾರ್ಥದಲ್ಲಿ ಮಂಗಳ ಹರಿದ ಸೆರಗನ್ನು ಎಲ್ಲರಿಗೂ ತೋರಿಸಿ ಕಥೆ ಹೇಳಿದಳು. ನಾನು ಓಡಿದ ಭಾಗವನ್ನು ಅಭಿನಯಿಸಿಯೂ ತೋರಿಸಿದಳು. ಮದುಮಗಳಿಗಿಂತ ನಾನೇ ಹೆಚ್ಚು ಫೇಮಸ್ ಆದೆ.

ಜನ ಯಾಕೆ ಸಹಾಯ ಮಾಡುತ್ತಾರೆ? ಪುಣ್ಯಕ್ಕೆ, ಹೆಸರಿಗೆ, ನಾಳೆ ನಮಗೂ ಯಾರಾದರೂ ಆಗಲಿ ಎಂದು... ಇರಬಹುದು. ಆದರೆ ಮೊಪೆಡ್ ತಿರುಗಿಸುವ ಆ ಒಂದು ಗಳಿಗೆಯಲ್ಲಿ ಅಷ್ಟೆಲ್ಲ ಯೋಚಿಸಲು ಟೈಮ್ ಎಲ್ಲಿದೆ? ಹಾಗಾದರೆ ಅದು ಹುಟ್ಟುಗುಣವೇ?

ತಾಳಿ, ನಾನೂ ಯೋಚಿಸದೆಯೇ ಓಡಿದ್ದೆನಲ್ಲ! ಅನುಮಾನವೂ ಹುಟ್ಟುಗುಣವೇ ಇರಬೇಕು ಎಂದು ಎರಡು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಆಮೇಲೆ ಪಕ್ಕದ ಮನೆಯ ಮಗುವನ್ನು ಗಮನಿಸಿದೆ. ಈಗಷ್ಟೇ ನಡೆಯಲು ಕಲಿತಿದೆ. ನನ್ನ ಕೈಯಿಂದ ಪೇಪರ್ ಜಾರಿದರೆ ತಪ್ಪುಹೆಜ್ಜೆ ಇಡುತ್ತಾ ಬಂದು ಎತ್ತಿ ಕೊಡುತ್ತದೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ. "ಗೊತ್ತಿಲ್ಲದವರ ಹತ್ರ ಹೋಗಬಾರದು ಪುಟ್ಟಾ" ಎಂದು ಮಾತ್ರ ಅದರಮ್ಮ ದಿನಾ ಹೇಳುತ್ತಾಳೆ. ತಪ್ಪೇನಲ್ಲ, ಕಾಲ ಹಾಗಿದೆ.

ಆದರೆ ದಿನಾ ಹೇಳಿಕೊಡಬೇಕಾದದ್ದು ಹುಟ್ಟುಗುಣ ಹೇಗಾದೀತು?