ಸೊನ್ನೆಯ ಎಡಗಡೆ

ಈ ದೇಶದ ಶಾಲೆಗಳಲ್ಲಿ ಹೆಚ್ಚು–ಕಡಿಮೆಯನ್ನು ಸೂಚಿಸುವ ಗಣಿತದ ಚಿಹ್ನೆಯನ್ನು ಮಕ್ಕಳಿಗೆ ಮೊಸಳೆಯ ಬಾಯಿ ಎಂದು ಹೇಳಿಕೊಡುತ್ತಾರೆ. ಎರಡು ಸಂಖ್ಯೆಗಳ ನಡುವೆ ಒಂದು ಮೊಸಳೆ ಕೂತಿರುತ್ತದಂತೆ. ಸದಾ ಹಸಿದ ಪ್ರಾಣಿಯಾದ್ದರಿಂದ ಅದು ದೊಡ್ಡ ಸಂಖ್ಯೆಯ ಕಡೆಗೇ ಬಾಯಿ ತೆರೆಯುತ್ತದಂತೆ. ಮೈಸೂರಿನ ನಮ್ಮ ಶಾಲೆಯಲ್ಲಿ ಇಂಥ ಜಲಚರಗಳ ನೆರವಿರಲಿಲ್ಲ, ಬೆತ್ತವೊಂದೇ ಸಾಕಾಗಿತ್ತು. ಆದರೂ ಈ ಮೊಸಳೆಯ ಕಲ್ಪನೆ ನನಗೆ ಹಿಡಿಸಿತು. ಡಲ್ಲಾಸ್ ಪಕ್ಕದ ಕಾಪೆಲ್ಲಿನ ನಮ್ಮ ಕನ್ನಡ ಕುಟುಂಬಗಳ ಔತಣಕೂಟಗಳಲ್ಲಿ ಮೂವತ್ತು ವರ್ಷ ಕೂತೆದ್ದು ಬಂದವನಿಗೆ ಅದರ ಪರಿಚಯ ಹೊಸದೇನಲ್ಲ. ಯಾರ ಮಗುವಿನ ಅಂಕ ಹೆಚ್ಚು, ಯಾರ ಮಗಳು ಎಷ್ಟನೆಯ ರ‍್ಯಾಂಕು ಎಂಬ ಮಾತು ಬಂದೊಡನೆ ಪಲಾವಿನ ತಟ್ಟೆಯ ಮೇಲೆ ಬಾಗಿದ್ದ ಬಾಯಿಗಳೆಲ್ಲ ಅತ್ತ ತಿರುಗಿ ತೆರೆದುಕೊಳ್ಳುತ್ತಿದ್ದವು. ನನ್ನ ಬಾಯಿ ಉಳಿದವರದಕ್ಕಿಂತ ಸ್ವಲ್ಪ ಅಗಲವಾಗಿಯೇ ತೆರೆಯುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಟೆಲಿಫೋನ್ ಉಪಕರಣಗಳ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದಾಗ ನನಗೆ ಪ್ರಾಪ್ತವಾದದ್ದು ಮೂರು: ಯಥೇಚ್ಛ ಕಾಲ, ಮಿತವಾದ ಸಕ್ಕರೆ ಕಾಯಿಲೆ, ಮತ್ತು ದಿನಕ್ಕೆ ಎಂಟು ಗಂಟೆ ನನ್ನನ್ನು ಮನೆಯಲ್ಲಿ ನೋಡಿ ಅಭ್ಯಾಸವಿಲ್ಲದ ಹೆಂಡತಿ. ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಲು ನಾನು ಮುಂದಾದ ದಿನ ಸುಮಿತ್ರಾ, ಊರಿನ ಮಕ್ಕಳಿಗಾದರೂ ಪಾಠ ಹೇಳಬಾರದೇ ಎಂದಳು. ಪರೋಪಕಾರಾರ್ಥವಾಗಿ ಹುಟ್ಟಿದ ಸಲಹೆ ಅದಲ್ಲ, ಆತ್ಮರಕ್ಷಣಾರ್ಥವಾಗಿ ಹುಟ್ಟಿದ್ದು. ಹೀಗೆ ನಮ್ಮ ಊಟದ ಮೇಜಿನ ಸುತ್ತ ಶನಿವಾರದ ಗಣಿತದ ತರಗತಿ ಆರಂಭವಾಯಿತು. ಗಣಿತ, ವಿಜ್ಞಾನಗಳಿಗೇ ಮೀಸಲಾದ ಒಂದು ವಸತಿ ಶಾಲೆ ಡಲ್ಲಾಸಿನಿಂದ ಗಂಟೆಯ ದಾರಿಯಲ್ಲಿತ್ತು. ಅದರ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುವುದು ನನ್ನ ಪಾಲಿನ ಪುಣ್ಯಕಾರ್ಯವಾಯಿತು.

ಆ ಪರೀಕ್ಷೆಯ ಪ್ರಾಣವಿದ್ದದ್ದು ಬೀಜಗಣಿತದ ಅಸಮತೆಗಳಲ್ಲಿ, ಅಂದರೆ ಆ ಮೊಸಳೆಬಾಯಿಯ ಲೆಕ್ಕಗಳಲ್ಲಿ. ಓದುಗ ಮಹಾಶಯರು ಗಾಬರಿಯಾಗಬಾರದು, ವಿಷಯ ಸರಳವಾದದ್ದು. ಸಮೀಕರಣವೆಂಬುದು ಸಾಧು ಪ್ರಾಣಿ. ಎರಡೂ ಕಡೆಗೆ ಒಂದೇ ಸಮನಾಗಿ ಏನನ್ನು ಕೂಡಿಸಿ, ಯಾವುದರಿಂದ ಗುಣಿಸಿ, ಅದು ಮುಖ ಕೆಡಿಸಿಕೊಳ್ಳುವುದಿಲ್ಲ. ಅಸಮತೆ ಮಾತ್ರ ಮದುವೆಮನೆಗೆ ಬಂದ ಬೀಗರ ಹಾಗೆ: ಎರಡೂ ಪಂಕ್ತಿಗೆ ಸಮವಾಗಿಯೇ ಬಡಿಸಿದರೂ, ಗುಣಿಸಿದ್ದು ಋಣಸಂಖ್ಯೆಯಿಂದಾದರೆ, ಅಂದರೆ ಮೈನಸ್ ಸಂಖ್ಯೆಯಿಂದಾದರೆ, ಥಟ್ಟನೆ ಮುಖ ತಿರುಗಿಸಿಬಿಡುತ್ತದೆ. ಹೆಚ್ಚು ಇದ್ದದ್ದು ಕಡಿಮೆಯಾಗುತ್ತದೆ, ಕಡಿಮೆ ಇದ್ದದ್ದು ಹೆಚ್ಚಾಗುತ್ತದೆ. ಆದ್ದರಿಂದ ಗುಣಿಸುವ ಮೊದಲು ಗುಣಿಸುತ್ತಿರುವುದು ಸಂಖ್ಯಾರೇಖೆಯಲ್ಲಿ ಸೊನ್ನೆಯ ಬಲಗಡೆಯ ಸಂಖ್ಯೆಯಿಂದಲೋ ಎಡಗಡೆಯ ಮೈನಸ್ ಸಂಖ್ಯೆಯಿಂದಲೋ ಎಂದು ನೋಡಿಕೊಳ್ಳಬೇಕು. "ಎಡಗಡೆ ನೋಡಿ, ಎಡಗಡೆ ನೋಡಿ" ಎಂದು ನಾನು ಹೇಳಿ ಹೇಳಿ, ರಸ್ತೆ ದಾಟಿಸುವವನಂತೆ ಮಕ್ಕಳಿಂದ ಗೇಲಿ ಮಾಡಿಸಿಕೊಂಡಿದ್ದೆ.

ನನ್ನ ತರಗತಿಗೆ ಒಂದು ಪದ್ಧತಿಯಿತ್ತು. ಆರು ವಾರ ಪಾಠವಾದ ಮೇಲೆ ಹತ್ತು ಲೆಕ್ಕಗಳ ಒಂದು ಪರೀಕ್ಷೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದವರು ಮುಂದಿನ ಮೂರು ತಿಂಗಳ ತರಬೇತಿಗೆ ಉಳಿಯಬೇಕು. ಉಳಿದವರಿಗೆ, ಸುಮ್ಮನೆ ಶನಿವಾರಗಳನ್ನು ಹಾಳು ಮಾಡಿಕೊಳ್ಳಬೇಡಿ ಎಂಬ ಹಿತವಚನ. ಫಲಿತಾಂಶವನ್ನು ಹಾಲ್‌ನಲ್ಲಿ ತಂದೆತಾಯಿಯರನ್ನು ಕೂರಿಸಿಕೊಂಡು, ಚಹಾ ಆಗುತ್ತಿರುವಾಗ, ಗಟ್ಟಿಯಾಗಿ ಹೆಸರು ಹಿಡಿದು ಓದುತ್ತಿದ್ದೆ. ಇಲ್ಲಿಯ ಶಾಲೆಗಳಲ್ಲಿ ಅಂಕಗಳನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುವುದನ್ನು ನಾನು ಹೇಡಿತನವೆಂದು ತಿಳಿದಿದ್ದೆ. ನಾಲ್ಕು ಜನರೆದುರು ಅನ್ನಿಸಿಕೊಂಡರೇ ಮಕ್ಕಳಿಗೆ ರೋಷ ಬರುವುದು ಎಂಬುದು ನನ್ನ ಶಿಕ್ಷಣಶಾಸ್ತ್ರದ ಏಕಮಾತ್ರ ಸಿದ್ಧಾಂತ. ತಂದೆತಾಯಿಯರೂ ಇದನ್ನು ಮೆಚ್ಚುತ್ತಿದ್ದರು, ಅದರಲ್ಲೂ ಎಂಟು ದಾಟಿದವರ ತಂದೆತಾಯಿಯರು.

ಐದು ವರ್ಷದ ಹಿಂದೆ ಆ ಮೇಜಿಗೆ ಬಂದವಳು ಇಂಚರ. ಹದಿನೈದರ ಹುಡುಗಿ. ಧಾರವಾಡದ ಕಡೆಯವರಾದ ಅವಳ ತಂದೆ ಗುರುರಾಜ್ ಪಕ್ಕದ ಊರಾದ ಫ್ಲವರ್ ಮೌಂಡಿನಲ್ಲಿ ಮನೆ ಮಾಡಿಕೊಂಡಿದ್ದರು. ಹಿರಿಯರೆಂದರೆ ಎದ್ದು ನಿಲ್ಲುವ, ನಾನು ಹೇಳಿದ್ದನ್ನು ವೇದವಾಕ್ಯವೆಂದು ತಿಳಿಯುವ ಸಜ್ಜನ. ಹುಡುಗಿಯದು ಮಾತು ಕಡಿಮೆ. ಲೆಕ್ಕ ಮಾಡುವಾಗ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಪ್ರತಿ ಲೆಕ್ಕದ ಪಕ್ಕದಲ್ಲೂ ಒಂದು ಗೆರೆ ಎಳೆದು, ಅದರ ಮೇಲೆ ಸೊನ್ನೆಯನ್ನು ಗುರುತಿಸಿ, ಎರಡೂ ಕಡೆ ಒಂದೊಂದು ಸಂಖ್ಯೆಯನ್ನು ಹಾಕಿ ಪರೀಕ್ಷಿಸುತ್ತಿದ್ದಳು. ನಿಧಾನವಾಯಿತು, ಇದರಿಂದ ಸಮಯ ಸಾಲದು ಎಂದು ನಾನು ಗೊಣಗುತ್ತಿದ್ದೆ. ನನಗೆ ವೇಗದ ಹುಚ್ಚು. ಅವಳಿಗೆ ಲೆಕ್ಕ ಅಂದರೆ ಇಷ್ಟ, ಅಷ್ಟೆ. ಆ ವಸತಿ ಶಾಲೆಗೆ ಹೋಗಬೇಕೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಅವಳೇ ಹಟ ಹಿಡಿದು ಬಂದಿದ್ದಳು.

ಪರೀಕ್ಷೆಯ ಒಂಬತ್ತನೆಯ ಲೆಕ್ಕ ಹೀಗಿತ್ತು: ಆರನ್ನು ಎಕ್ಸ್‌ನಿಂದ ಭಾಗಿಸಿದರೆ ಬರುವುದು ಎರಡಕ್ಕಿಂತ ಕಡಿಮೆ, ಹಾಗಾದರೆ ಎಕ್ಸ್ ಯಾವ ಯಾವ ಸಂಖ್ಯೆ ಆಗಿರಬಹುದು? ಉತ್ತರಪಟ್ಟಿಯನ್ನು ನಾನು ಸ್ನಾನಕ್ಕೆ ನೀರು ಬಿಸಿಯಾಗುವಷ್ಟರಲ್ಲಿ ಬರೆದು ಮುಗಿಸಿದ್ದೆ. ಎರಡೂ ಕಡೆ ಎಕ್ಸ್‌ನಿಂದ ಗುಣಿಸಿದೆ, ಎರಡರಿಂದ ಭಾಗಿಸಿದೆ, ಎಕ್ಸ್ ಮೂರಕ್ಕಿಂತ ಹೆಚ್ಚು ಎಂದು ಬರೆದೆ. ಇಂಚರಳ ಉತ್ತರದಲ್ಲಿ ಮೂರಕ್ಕಿಂತ ಹೆಚ್ಚು ಎಂಬುದರ ಜೊತೆಗೆ, ಅಥವಾ ಸೊನ್ನೆಗಿಂತ ಕಡಿಮೆ, ಎಂದೂ ಇತ್ತು. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ ಸೊನ್ನೆ ಕೊಟ್ಟೆ. ಉಳಿದ ಒಂಬತ್ತರಲ್ಲಿ ಎರಡು ನಿಜವಾಗಿಯೂ ತಪ್ಪಾಗಿದ್ದವು. ಒಟ್ಟು ಏಳು ಎಂದು ಹಾಲ್‌ನಲ್ಲಿ ಘೋಷಿಸಿದೆ.

ಅವಳು ಹಾಳೆಯನ್ನು ನೋಡಿ ಎದ್ದು ನಿಂತಳು. "ಅಂಕಲ್, ವಾಟ್ ಅಬೌಟ್ ಮೈನಸ್ ಒನ್? ಇಟ್ ವರ್ಕ್ಸ್" ಎಂದಳು.

ಆರನ್ನು ಮೈನಸ್ ಒಂದರಿಂದ ಭಾಗಿಸಿದರೆ ಮೈನಸ್ ಆರು. ಅದು ಎರಡಕ್ಕಿಂತ ಕಡಿಮೆಯೇ. ಐದನೆಯ ತರಗತಿಯ ಮಗುವಿಗೂ ತಿಳಿಯುವ ವಿಚಾರ. ಆ ಕ್ಷಣದಲ್ಲಿ ನನಗೆ ತಿಳಿಯಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳು ಬಾಯಿ ಮುಚ್ಚುವ ಮೊದಲೇ ತಿಳಿದಿತ್ತು. ಹನ್ನೆರಡು ಮಂದಿ ತಂದೆತಾಯಿಯರು ಚಹಾದ ಕಪ್ಪನ್ನು ಅರ್ಧದಲ್ಲಿ ಹಿಡಿದು ನನ್ನನ್ನು ನೋಡುತ್ತಿದ್ದರು. ಎಡಗಡೆ ನೋಡಿ ಎಂದು ಊರಿಗೆಲ್ಲ ಉಪದೇಶಿಸುವ ಮಹಾನುಭಾವ ತಾನೇ ನೋಡಿರಲಿಲ್ಲ ಎಂದು ಅವರೆದುರು ಒಪ್ಪಿಕೊಳ್ಳಲು ಬೇಕಾದದ್ದು ಒಂದು ವಾಕ್ಯ. ನಾನು ಬೇರೆ ವಾಕ್ಯ ಹೇಳಿದೆ. "ಈ ಎಕ್ಸಾಮ್‌ನಲ್ಲಿ ಅದನ್ನೆಲ್ಲ ಲೆಕ್ಕಕ್ಕೆ ತಗೊಳಲ್ಲಮ್ಮ. ಮೊದಲು ಪ್ರಶ್ನೆ ಸರಿಯಾಗಿ ಓದೋದು ಕಲಿ."

ಅಂಥ ನಿಯಮ ಯಾವ ಪರೀಕ್ಷೆಯಲ್ಲೂ ಇಲ್ಲ. ಅದನ್ನು ನಾನು ಅಲ್ಲಿಯೇ, ಸೋಫಾದ ಕೈ ಹಿಡಿದುಕೊಂಡು, ಸೃಷ್ಟಿಸಿದೆ. ಇಂಚರ ಮತ್ತೆ ಏನೋ ಹೇಳಲು ಹೋದಳು. ಗುರುರಾಜ್ ಅವಳ ತೋಳು ಹಿಡಿದು ಕೂರಿಸಿ, "ಸರ್ ಹೇಳಾಕತ್ತಾರ, ಕೇಳು. ಎದುರು ಮಾತಾಡಬ್ಯಾಡ" ಎಂದರು. ಅವಳು ಕೂತಳು. ಮುಂದಿನ ಹೆಸರನ್ನು ಓದಿದೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಸುಮಿತ್ರಾಳಿಗೆ ವಿಷಯ ಹೇಳಿದೆ. ಯಾರಿಗಾದರೂ ಹೇಳಿದರೆ ಹಗುರವಾಗುತ್ತದೆ ಎಂಬ ಆಸೆ. ಅವಳು ನನ್ನ ಭಾರವನ್ನು ಇಳಿಸುವ ಬದಲು ಫೋನನ್ನು ತಂದು ನನ್ನ ಮುಂದಿಟ್ಟಳು. "ಒಂದು ಮಾತು ಹೇಳಿಬಿಡಿ ಅಂದ್ರೆ. ನಿಮ್ಮ ಗಂಟೇನು ಹೋಗುತ್ತೆ? ಆ ಮಗು ಮುಖ ನೋಡಕ್ಕಾಗ್ಲಿಲ್ಲ ನಂಗೆ" ಎಂದಳು. ಪ್ರವೇಶ ಪರೀಕ್ಷೆಗೆ ಹೆಸರು ಕೊಡಲು ಇನ್ನೂ ಹತ್ತು ದಿನವಿತ್ತು. ಹತ್ತು ದಿನವೆಂದರೆ ಬೇಕಾದಷ್ಟು ಕಾಲವೆಂದು ನಾನು ಭಾವಿಸಿದೆ. ಸೋಮವಾರ ಗುರುರಾಜ್ ಆಫೀಸಿನಲ್ಲಿರುತ್ತಾರೆ, ಮಂಗಳವಾರ ಅಂಥ ಮಾತಿಗೆ ಒಳ್ಳೆಯ ದಿನವಲ್ಲ, ಬುಧವಾರ ನಾನು ಡಾಕ್ಟರ ಬಳಿ ಹೋಗಬೇಕಿತ್ತು. ಗುರುವಾರದ ಹೊತ್ತಿಗೆ, ಬುದ್ಧಿವಂತ ಹುಡುಗಿಯಾದ್ದರಿಂದ ಹೇಗೂ ತಾನೇ ಹೆಸರು ಕೊಟ್ಟಿರುತ್ತಾಳೆ ಎಂಬ ಸಮಾಧಾನ ಸಿದ್ಧವಾಗಿತ್ತು. ಮನುಷ್ಯ ಯಾವ ವಿದ್ಯೆಯನ್ನು ಮರೆತರೂ ನೆಪ ಹುಡುಕುವ ವಿದ್ಯೆಯನ್ನು ಮರೆಯುವುದಿಲ್ಲ. ಹತ್ತು ದಿನ ಕಳೆದವು. ಅವಳು ಹೆಸರು ಕೊಡಲಿಲ್ಲ. ಆ ವರ್ಷ ನನ್ನ ಮೇಜಿನಿಂದ ಇಬ್ಬರು ಆ ಶಾಲೆಗೆ ಆಯ್ಕೆಯಾದರು, ಮನೆಗೆ ಮೈಸೂರುಪಾಕು ಬಂತು, ಸಕ್ಕರೆ ಕಾಯಿಲೆಯನ್ನು ಲೆಕ್ಕಿಸದೆ ತಿಂದೆ.

ಮುಂದೆ ಗುರುರಾಜ್ ಕೆಲಸದ ಸಲುವಾಗಿ ಹ್ಯೂಸ್ಟನ್ನಿಗೆ ಶಿಫ್ಟ್ ಆದರು. ಅವರು ಊರು ಬಿಟ್ಟಾಗ ನನಗೆ ಆದದ್ದು ನೆಮ್ಮದಿ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಮುಂದಿನ ವರ್ಷವೇ ಮಂಡಿನೋವಿನ ಕಾರಣ ಹೇಳಿ ತರಗತಿಯನ್ನು ನಿಲ್ಲಿಸಿದೆ. ನನ್ನ ಮಂಡಿಗಳು ಆಗ ಪೂರ್ಣ ಆರೋಗ್ಯದಲ್ಲಿದ್ದವು.

ಮೊನ್ನೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಅವರು ಕೊಂಡ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಬರಲೇಬೇಕೆಂದು ಗುರುರಾಜ್ ಮೂರು ಸಲ ಫೋನ್ ಮಾಡಿದರು. ನಾಲ್ಕು ಗಂಟೆಯ ದಾರಿಯಲ್ಲಿ ಸುಮಿತ್ರಾ ಒಮ್ಮೆ, "ಇವತ್ತಾದ್ರೂ ಹೇಳ್ತೀರಾ?" ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಮಂಗಳಾರತಿಯಾದ ಮೇಲೆ ಅನಿರೀಕ್ಷಿತವಾಗಿ ಗುರುರಾಜ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಸೇರಿದವರಿಗೆಲ್ಲ ಪರಿಚಯಿಸಿದರು. "ಇವ್ರು ನಮ್ಮ ಗುರುಗಳ್ರಿ. ಅವತ್ತ ಇವ್ರು ಖರೇ ಹೇಳಿದ್ದಕ್ಕ ನಮ್ಮ ಹುಡುಗಿ ದಾರಿ ಸರಿ ಆತು. ಇಲ್ಲಾಂದ್ರ ಸುಮ್ಮನ ಗಣಿತ ಗಣಿತ ಅಂತ ಕೂಡತಿದ್ಲು." ಜನ ಚಪ್ಪಾಳೆ ತಟ್ಟಿದರು. ಶಾಲು ರೇಷ್ಮೆಯದು, ಕುತ್ತಿಗೆಗೆ ಚುಚ್ಚುತ್ತಿತ್ತು.

ಇಂಚರ ಹಿಂದುಗಡೆಯ ಜಗಲಿಯಂಥ ಪ್ಯಾಟಿಯೊದಲ್ಲಿ ಬಾಳೆಲೆಗಳನ್ನು ಒರೆಸುತ್ತಿದ್ದಳು. ಆಸ್ಟಿನ್ನಿನಿಂದ ಬೆಳಿಗ್ಗೆಯೇ ಡ್ರೈವ್ ಮಾಡಿಕೊಂಡು ಬಂದಿದ್ದಳಂತೆ. ಅಲ್ಲಿ ಏನು ಓದುತ್ತಿದ್ದೀಯೆ ಎಂದು ಕೇಳಿದೆ. ಕಮ್ಯುನಿಕೇಶನ್ಸ್ ಎಂದಳು. ಲಿಸ್ಟ್‌ನಲ್ಲಿ ಮ್ಯಾಥ್ ಕಡಿಮೆ ಇರುವುದನ್ನು ಹುಡುಕಿ ತೆಗೆದುಕೊಂಡೆ ಎಂದು ತಾನಾಗಿಯೇ ಸೇರಿಸಿ ನಕ್ಕಳು. ಆ ವಿದ್ಯೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವಳು ಅದನ್ನು ಆರಿಸಿಕೊಳ್ಳಲು ಕಾರಣ ನಾನು ಎಂಬುದು ನನ್ನ ತಕರಾರು. ಹೆಗಲ ಮೇಲೆ ಅವಳ ತಂದೆಯ ಶಾಲು ಇರುವಾಗಲೇ ಹೇಳಿದೆ: ಆ ಒಂಬತ್ತನೆಯ ಲೆಕ್ಕ, ನಿನ್ನ ಉತ್ತರವೇ ಸರಿ, ನನ್ನದು ತಪ್ಪು.

"ಐ ನೋ, ಅಂಕಲ್" ಎಂದಳು. ಸಿಟ್ಟಿರಲಿಲ್ಲ. "ಅವತ್ತೇ ಕಾರ್‌ನಲ್ಲಿ ಚೆಕ್ ಮಾಡಿದೆ. ಮೈನಸ್ ಟು, ಮೈನಸ್ ಟೆನ್, ಮೈನಸ್ ಹಂಡ್ರೆಡ್. ಎಲ್ಲಾ ವರ್ಕ್ ಆಯ್ತು. ಅಪ್ಪಂಗೆ ತೋರಿಸಿದೆ. ಅಂಕಲ್‌ಗೆ ಗೊತ್ತಿರಲ್ವಾ, ನಿಂದೇ ಎಲ್ಲೋ ತಪ್ಪಿರತ್ತೆ ಅಂದ್ರು. ಆಫ್ಟರ್ ದಟ್, ಐ ಜಸ್ಟ್ ಸ್ಟಾಪ್ಡ್ ಚೆಕಿಂಗ್."

ಲೆಕ್ಕ ತಪ್ಪಿದ್ದರೆ ಅವಳು ತಿದ್ದಿಕೊಳ್ಳುತ್ತಿದ್ದಳು. ಸರಿ ಮಾಡಿದ್ದಕ್ಕೆ ಶಿಕ್ಷೆಯಾದರೆ ತಿದ್ದಿಕೊಳ್ಳುವುದು ಏನನ್ನು? ನಾನು ಅವಳಿಂದ ಕಿತ್ತುಕೊಂಡದ್ದು ಒಂದು ಅಂಕವಲ್ಲ, ಒಂದು ಶಾಲೆಯೂ ಅಲ್ಲ. ಕಣ್ಣೆದುರಿನ ಉತ್ತರವನ್ನು ತಾನೇ ನಂಬುವ ಧೈರ್ಯವನ್ನು ಕಿತ್ತುಕೊಂಡೆ. ಇದನ್ನು ಇಷ್ಟು ಸ್ಪಷ್ಟವಾಗಿ ಅರಿಯಲು ನನಗೆ ಐದು ವರ್ಷ ಹಿಡಿಯಿತು, ವೇಗದ ಹುಚ್ಚಿನವನಿಗೆ.

ಒಳಗೆ ಹೋದೆ. ಹಾಲ್ ತುಂಬ ಜನ, ಎಲ್ಲರ ಕೈಯಲ್ಲೂ ಪ್ರಸಾದದ ದೊನ್ನೆ. ಗುರುರಾಜ್ ಮುಂದೆ ನಿಂತು, ಈ ಸಲ ಎಲ್ಲರಿಗೂ ಕೇಳಿಸುವಂತೆ, ಲೆಕ್ಕವನ್ನು ಮೊದಲಿನಿಂದ ಹೇಳಿದೆ. ನಾನು ತಪ್ಪು ಮಾಡಿದೆ, ಗೊತ್ತಿದ್ದೂ ಮುಚ್ಚಿಟ್ಟೆ, ನಿಮ್ಮ ಮಗಳಿಗೆ ಎಂಟು ಬಂದಿತ್ತು ಎಂದೆ. ಸುಮಿತ್ರಾ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಗುರುರಾಜ್ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಅವರ ಕಣ್ಣು ತುಂಬಿ ಬಂತು. ಅರ್ಥವಾಯಿತು ಎಂದುಕೊಂಡೆ.

"ನೋಡ್ರಿ, ದೊಡ್ಡವ್ರು ಅಂದ್ರ ಹಿಂಗಿರಬೇಕು" ಎಂದು ಅವರು ಸೇರಿದವರ ಕಡೆ ತಿರುಗಿ ಕೈಮುಗಿದರು. "ಹುಡುಗಿ ಮನಸ್ಸಿಗೆ ಬ್ಯಾಸರ ಆಗಬಾರ್ದಂತ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ." ಅಲ್ಲಲ್ಲ ಎಂದೆ, ನಿಜವಾಗಿಯೂ ಎಂದೆ, ಕಾಗದ ಪೆನ್ನು ಕೊಡಿ ತೋರಿಸುತ್ತೇನೆ ಎಂದೆ. ಒಬ್ಬರು ನನ್ನ ಬೆನ್ನು ಸವರಿದರು. ಇನ್ನೊಬ್ಬರು ಈ ಕಾಲದಲ್ಲಿ ಇಂಥವರು ಸಿಗುವುದಿಲ್ಲ ಎಂದರು. ಗುರುರಾಜ್ ಪ್ಯಾಟಿಯೊದ ಬಾಗಿಲ ಕಡೆಗೆ ಕೂಗಿದರು: "ಇಂಚರಾ, ಬಾರವ್ವ ಇಲ್ಲೆ. ಸರ್ ಕಾಲಿಗೆ ನಮಸ್ಕಾರ ಮಾಡು."

ಅವಳು ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ಬಂದಳು. ಒಮ್ಮೆ ತಂದೆಯನ್ನು, ಒಮ್ಮೆ ನನ್ನನ್ನು ನೋಡಿದಳು. ಬಗ್ಗಿ ನನ್ನ ಪಾದ ಮುಟ್ಟಿದಳು. ಬೇಡಮ್ಮ, ಏಳು, ಎಂದು ಹೇಳಬೇಕೆಂದು ನಾನು ಬಾಯಿ ತೆರೆದೆ. ಇಷ್ಟು ವರ್ಷದ ಅಭ್ಯಾಸ, ಕೈ ಅದಾಗಿಯೇ ಅವಳ ತಲೆಯ ಮೇಲೆ ಹೋಯಿತು, ಬಾಯಿಂದ "ಒಳ್ಳೇದಾಗ್ಲಿ" ಎಂದು ಬಂತು.