ಗುಡ್ಡದ ಆಚೆ ಮಗ್ಗುಲು

ನಮ್ಮ ಮೆಡಿಕಲ್ ಸ್ಟೋರಿನ ಮುಂದೆ ಮೊನ್ನೆಯಿಂದ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಕಾಯಿಸಿದ ಡಾಂಬರಿನ ವಾಸನೆ ಔಷಧಿಗಳ ವಾಸನೆಯನ್ನು ಮೀರಿ ಒಳಗೆಲ್ಲ ತುಂಬಿಕೊಂಡಿದೆ. ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ತೆಪ್ಪದಜ್ಜ ಕೌಂಟರಿನ ಆಚೆ ಬಂದು ನಿಂತಂತೆ ಆಗುತ್ತದೆ... ಅವರ ಮೈಯೆಲ್ಲ ಇದೇ ವಾಸನೆ.

ಅಜ್ಜ ಮತ್ತೋಡಿನ ಕಡೆಯವರು. ಮಾರಿಕಣಿವೆ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದರು. ಬಿದಿರಿನ ತೆಪ್ಪ, ಅದರ ತಳಕ್ಕೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದಿದ್ದು. ತಿಂಗಳಿಗೊಮ್ಮೆ ಹೊಸದುರ್ಗಕ್ಕೆ ಬಂದು ನನ್ನ ಅಂಗಡಿಯಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯುತ್ತಿದ್ದರು. ಚೀಟಿ ತೋರಿಸುವ ಮೊದಲೇ ನಾನು ಮಾತ್ರೆ ತೆಗೆದಿಡುತ್ತಿದ್ದೆ. ಅವರ ಕಾಯಿಲೆ ಅವರ ಹೆಂಡತಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ತಪ್ಪಿಸಿಕೊಳ್ಳಲು ನನಗೆ ದಾರಿ ಇರಬಾರದು.

ನನ್ನ ಜೊತೆ ಚಿತ್ರದುರ್ಗದಲ್ಲಿ ಡಿ.ಫಾರ್ಮ ಓದಿದ ಗೆಳೆಯನೊಬ್ಬ ಕುಂದಾಪುರದ ಕಡೆಯವನು. ಬಯಲುಸೀಮೆಯವರು ಕೊಡದಲ್ಲಿ ಬಿಟ್ಟು ಬೇರೆಲ್ಲೂ ನೀರು ಕಂಡವರಲ್ಲ ಎಂದು ಹಾಸ್ಟೆಲಿನಲ್ಲಿ ರೇಗಿಸುತ್ತಿದ್ದ. ಡ್ಯಾಮು ತುಂಬಿ ಕೋಡಿ ಬಿದ್ದ ವರ್ಷ ಅವನಿಗೆ ಫೋನ್ ಮಾಡಿ, ನಮ್ಮಲ್ಲೂ ಸಮುದ್ರ ಬಂದಿದೆ, ನಡುಗಡ್ಡೆ ತೋರಿಸುತ್ತೇನೆ ಬಾ ಎಂದೆ. ಬಂದ. ನಡುಗಡ್ಡೆ ಎಂದರೆ ಅದೊಂದು ಕುರುಚಲು ಗುಡ್ಡ. ನೀರು ಕಮ್ಮಿ ಇದ್ದಾಗ ಕುರಿಗಳು ನಡೆದುಕೊಂಡೇ ಹತ್ತುತ್ತಿದ್ದವು. ಆ ವರ್ಷ ಅದರ ಸುತ್ತಲೂ ನೀರು ನಿಂತಿತ್ತು.

ಬೆಳಿಗ್ಗೆ ಅಜ್ಜ ನಮ್ಮಿಬ್ಬರನ್ನೂ ತೆಪ್ಪದಲ್ಲಿ ಕೂರಿಸಿಕೊಂಡು ಹೊರಟರು. ಗುಡ್ಡದ ಈಚೆ ಮಗ್ಗುಲಲ್ಲಿ ಬೆಳ್ಳಕ್ಕಿಗಳು ಕುಳಿತಿದ್ದವು, ನೋಡಲು ಚೆನ್ನಾಗಿಯೇ ಇತ್ತು. ಗೆಳೆಯ ಒಮ್ಮೆ ಕಣ್ಣಾಡಿಸಿ, "ಇಷ್ಟೇಯಾ ಮಾರಾಯ?" ಎಂದ. ಅಷ್ಟೇ ಸಾಕಾಯಿತು ನನಗೆ. ಗುಡ್ಡವನ್ನು ಪೂರ್ತಿ ಸುತ್ತು ಹಾಕಿಸಲೇಬೇಕೆಂದು ಅಜ್ಜನ ಬೆನ್ನು ಬಿದ್ದೆ. ಅವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು.

"ಆಚೆ ಮಗ್ಗುಲು ಬ್ಯಾಡ ಕಣಪ್ಪ. ನೀರಿಲ್ದಾಗ ಅಲ್ಲೆಲ್ಲ ಬರೀ ಜಾಲಿ ಬೆಳ್ದಿತ್ತು. ಈಗ ನೀರೊಳಗೆ ನಿಂತೈತೆ, ಕಾಣಲ್ಲ. ಚೀಲ ಹರೀತೈತೆ."

ಅಷ್ಟು ದೂರದಿಂದ ಬಂದವನು ಅರ್ಧ ನೋಡಿಕೊಂಡು ಹೋದರೆ ನನ್ನ ಮರ್ಯಾದೆ ಏನಾಗಬೇಕು ಎಂದೆ. ಊರಿಗೆ ಬಂದ ನೆಂಟನೆದುರು ಇಲ್ಲ ಎನ್ನಲು ಅಜ್ಜನಿಗೆ ಬಾಯಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರು ತೆಪ್ಪ ತಿರುಗಿಸಿದರು.

ಆಚೆ ಮಗ್ಗುಲಿಗೆ ಹೋದ ಸ್ವಲ್ಪ ಹೊತ್ತಿಗೆ ಕಾಲ ಕೆಳಗೆ ಪರ್ ಎಂದಿತು. ಗೇಣುದ್ದ ಹರಿದಿತ್ತು. ಮುಳ್ಳಿನ ಕೊಂಬೆಯೊಂದು ಮುರಿದು ಹರುಕಿನಲ್ಲೇ ಸಿಕ್ಕಿಕೊಂಡಿತ್ತು, ನೀರು ಬುಳುಬುಳು ಎಂದು ಏರತೊಡಗಿತು. ಸಮುದ್ರದ ಗೆಳೆಯ ಅಂಚು ಹಿಡಿದು ಬಿಳಿಚಿಕೊಂಡು ಕುಳಿತ. ನನಗೆ ಈಜು ಬರುವುದಿಲ್ಲ. ಗುಡ್ಡ ಹತ್ತಿರವೇ ಇದ್ದರೂ ಸುತ್ತ ಜಾಲಿಯೇ ಇದ್ದುದರಿಂದ ಅಲ್ಲಿಗೆ ಹೋಗುವಂತಿರಲಿಲ್ಲ. ಅಜ್ಜ ಹೆಗಲ ಮೇಲಿನ ಟವೆಲ್ಲನ್ನು ಮುದುರಿ ಹರುಕಿಗೆ ತುರುಕಿ, ಅದರ ಮೇಲೆ ಬಲಗಾಲಿನ ಹಿಮ್ಮಡಿ ಒತ್ತಿ ಹಿಡಿದು ಹುಟ್ಟು ಹಾಕಿದರು. ನಾವಿಬ್ಬರೂ ಬುತ್ತಿಯ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲಿದೆವು. ದಡ ಮುಟ್ಟುವವರೆಗೂ ಅಜ್ಜ ಆ ಹಿಮ್ಮಡಿ ಎತ್ತಲಿಲ್ಲ.

ದಡದಲ್ಲಿ ಗೆಳೆಯ ನೆಲಕ್ಕೆ ಬಿದ್ದು ನಗತೊಡಗಿದ. ನಾನೂ ನಕ್ಕೆ. ಮೂವರೂ ನಿಂತು ಫೋಟೋ ತೆಗೆದುಕೊಂಡೆವು. ಫೋಟೋದಲ್ಲಿ ಅಜ್ಜ ಎಡಗಾಲಿನ ಮೇಲೆ ಭಾರ ಹಾಕಿದ್ದಾರೆ. ತೆಪ್ಪದಲ್ಲಿ ಉಳಿದ ನೀರು ಕೆಂಪಗಿತ್ತು. ನೋಡಿದೆ. ನೋಡಿಯೂ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಎಂಟು ದಿನಕ್ಕೆ ಅಜ್ಜನ ಹೆಂಡತಿ ಅಂಗಡಿಗೆ ಬಂದರು. ಕಾಲಿಗೆ ಮುಳ್ಳು ಚುಚ್ಚಿದೆ, ನೋವೇನೂ ಇಲ್ಲ ಅನ್ನುತ್ತಾರೆ, ಹಚ್ಚಲು ಏನಾದರೂ ಕೊಡಪ್ಪ ಎಂದರು. ಸಕ್ಕರೆ ಕಾಯಿಲೆಯವರಿಗೆ ಗಾಯ ನೋಯದಿದ್ದರೇ ಹೆದರಬೇಕು ಎಂದು ಓದಿ ಪಾಸಾದವನು ನಾನು. ಅಂಗಡಿಯಲ್ಲಿ ಜನ ಇದ್ದರು. ಒಂದು ಮುಲಾಮು ಕೊಟ್ಟು ಕಳಿಸಿದೆ...

ಮತ್ತೆ ಹತ್ತು ದಿನ ಬಿಟ್ಟು, ಮನಸ್ಸು ತಡೆಯದೆ ನಾನೇ ಹೋದೆ. ಬಾಗಿಲಲ್ಲೇ ವಾಸನೆ ಹೊಡೆಯಿತು, ಡಾಂಬರಿನದಲ್ಲ. ಹಿಮ್ಮಡಿ ಕಪ್ಪಾಗಿತ್ತು. ಕಾರು ಮಾಡಿಕೊಂಡು ಚಿತ್ರದುರ್ಗಕ್ಕೆ ಓಡಿದೆವು. ಹೊಳಲ್ಕೆರೆ ದಾಟುವಾಗ, ಇನ್ನೂ ಜೋರಾಗಿ ಹೋಗು ಎಂದು ಡ್ರೈವರ್ ಮೇಲೆ ಕಿರುಚಿದ್ದು ನೆನಪಿದೆ. ಹದಿನೆಂಟು ದಿನ ಸುಮ್ಮನಿದ್ದವನಿಗೆ ಆಗ ಒಂದೊಂದು ನಿಮಿಷವೂ ಬೇಕಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರ ಕೈ ಹಿಡಿದುಕೊಂಡು, ಹೇಗಾದರೂ ಕಾಲು ಉಳಿಸಿ ಎಂದು ಅತ್ತೆ. ನೀವು ಯಾರು ಎಂದು ಕೇಳಿದರು. ಇವರಿಗೆ ಮಾತ್ರೆ ಕೊಡುವ ಮೆಡಿಕಲ್ ಸ್ಟೋರಿನವನು ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕೈ ಬಿಡಿಸಿಕೊಂಡರು.

ಮೊದಲು ಪಾದ ತೆಗೆದರು. ವಾರದೊಳಗೆ ಮೊಣಕಾಲಿನವರೆಗೆ. ನಂಜು ಅಲ್ಲಿಗೂ ನಿಲ್ಲಲಿಲ್ಲ. ನನ್ನನ್ನು ಬೈಯಲಿ ಎಂದು ದಿನವೂ ಹಾಸಿಗೆಯ ಪಕ್ಕ ಹೋಗಿ ಕೂರುತ್ತಿದ್ದೆ. ಅಜ್ಜ ಬೈಯಲಿಲ್ಲ. ಒಂದು ಮಧ್ಯಾಹ್ನ ಜ್ವರದಲ್ಲೇ ಕಣ್ಣು ಬಿಟ್ಟು ಕೇಳಿದರು.

"ನಿನ್ ಸ್ನೇಹಿತ ಗುಡ್ಡ ಪೂರ್ತಿ ನೋಡಿದ್ನೇನಪ್ಪ?"

"ನೋಡಿದ ಕಣಜ್ಜ" ಎಂದೆ. ಅವರಿಗೆ ಹೇಳಿದ ಕೊನೆಯ ಮಾತೂ ಸುಳ್ಳೇ ಆಯಿತು. ಮೂರನೆಯ ದಿನ ಹೋಗಿಬಿಟ್ಟರು.

ಈಗ ಸಕ್ಕರೆ ಮಾತ್ರೆಗೆ ಬಂದವರನ್ನೆಲ್ಲ ಚಪ್ಪಲಿ ಬಿಚ್ಚಿಸಿ ಪಾದ ನೋಡುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಇವತ್ತು ಬೆಳಿಗ್ಗೆ ರಸ್ತೆ ಕೆಲಸದ ಹಿರಿಯರೊಬ್ಬರು ಅದೇ ಮಾತ್ರೆ ಕೇಳಿಕೊಂಡು ಬಂದರು. ನಾನು ಕೌಂಟರ್ ದಾಟಿ ಹೋಗಿ ಅವರ ಮುಂದೆ ನೆಲಕ್ಕೆ ಕುಳಿತು ಬಲಗಾಲನ್ನು ಎತ್ತಿಕೊಂಡೆ. ಹಿಮ್ಮಡಿಗೆ ಡಾಂಬರು ಮೆತ್ತಿತ್ತು. ಉಜ್ಜಿ ನೋಡಿದೆ, ಎಲ್ಲೂ ಗಾಯ ಇರಲಿಲ್ಲ. ಅಂದು ಆ ದಡದಲ್ಲಿ ಹೀಗೆ ಒಂದು ನಿಮಿಷ ಕುಳಿತಿದ್ದರೆ...

ಏನೂ ಆಗಿಲ್ಲ, ಬಿಡಪ್ಪ ಎಂದು ಅವರು ಕಾಲು ಎಳೆದುಕೊಳ್ಳುತ್ತಿದ್ದರು. ನನ್ನಿಂದ ಬಿಡಲಾಗಲಿಲ್ಲ.