ಜೋರಾದರೂ ತಪ್ಪು, ಮೆಲ್ಲಗಾದರೂ ತಪ್ಪು

ಗೆಳೆಯರೇ, ಒಂದೇ ಮಾದರಿಯ ಕಾರು ಕೊಂಡ ನಾವು ಮೂವರು ಇವತ್ತು ಹಗರಿಬೊಮ್ಮನಹಳ್ಳಿಯ ಸರ್ವಿಸ್ ಸೆಂಟರಿಗೆ ಒಟ್ಟಿಗೇ ಹೋದೆವು. ಏರು ಹತ್ತುವಾಗ ಮೂರೂ ಕಾರುಗಳ ಇಂಜಿನ್ ಕಾದು ನಿಂತುಬಿಡುತ್ತದೆ. ಇಷ್ಟು ದಿನ ಒಬ್ಬೊಬ್ಬರೇ ಹೋಗಿ, ತಪ್ಪು ನಮ್ಮದೇ ಎಂದು ನಂಬಿ ತಲೆ ತಗ್ಗಿಸಿ ಬಂದಿದ್ದೆವು.

ಮ್ಯಾನೇಜರ್ ಹಳೇ ರಾಗ ತೆಗೆದ: "ಗಾಡಿ ಚಲೋ ಐತ್ರಿ. ನೀವು ಓಡ್ಸೋದು ಸರಿಯಿಲ್ಲ."

"ನಾ ಭಾಳ ಮೆಲ್ಲಕ ಓಡಿಸ್ತೀನಿ ಅಂದಿದ್ರಿ," ಎಂದೆ.

"ನನಗ ಭಾಳ ಜೋರು ಅಂದಿದ್ರಲ್ರೀ!" ಎಂದ ಕೊಟ್ಟೂರಿನ ಕೊಟ್ರೇಶ.

ಹರಪನಹಳ್ಳಿಯ ಶೈಲಜಕ್ಕ ಗಂಡನ ಜೊತೆ ಬಂದಿದ್ದರು. ಉಚ್ಚಂಗಿದುರ್ಗದ ಏರಿನಲ್ಲಿ ಕಾರು ನಿಂತ ದಿನದಿಂದ ಗಂಡ ಈಕೆಯ ಕೈಗೆ ಚಾವಿ ಕೊಟ್ಟಿಲ್ಲ.

"ನಮ್ಮ ಮನಿಯವ್ರ ಮುಂದ ಹೇಳ್ರಿ, ತಪ್ಪು ನಂದೋ, ಇಂಜಿನ್ದೋ?"

"ಡಿಸೈನ್ ವಿಷಯ ಕಂಪನಿಯವ್ರೇ ಹೇಳ್ಬೇಕ್ರಿ ಅಕ್ಕಾರ."

"ಡಿಸೈನ್ ಅಂತ ನಾವ್ಯಾರೂ ಅಂದೇ ಇಲ್ಲಲ್ರೀ!" ಎಂದ ಕೊಟ್ರೇಶ.

ಮ್ಯಾನೇಜರ್ ಫ್ಯಾನ್ ನೋಡಿದ. ಅಕ್ಕನ ಗಂಡ ಜೇಬಿನಿಂದ ಚಾವಿ ತೆಗೆದು ಹೆಂಡತಿಯ ಕೈಗಿಟ್ಟರು. ಮೂವರೂ ಸೇರಿ ಕಂಪನಿಗೆ ದೂರು ಕಳಿಸಿ ಬಂದೆವು.

ಮನೆಯ ನ್ಯಾಯ ಮುಗಿಯಿತು ಈಗ. ಕಂಪನಿಯ ಬಾಯಿಗೆ ಇನ್ನೂ ಬೀಗ.